ಪಲಾಯನದ ಎರಡು ಕಥೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಲ್ಲಿ ಪುಸ್ತಕದ ಅಭಿರುಚಿಯುಳ್ಳ ಮನೆಗಳಿಗೆ ‘ಮಹಾಪಲಾಯನ’ವನ್ನು ಪರಿಚಯಿಸಬೇಕಾದುದಿಲ್ಲ. ಮೂಡಿಗೆರೆಯ ತೋಟದಲ್ಲಿ ಬಾಳಿ 2007ರ ಏಪ್ರಿಲಿನಲ್ಲಿ ಅಲ್ಲಿಯೇ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೃತಿಯದು. ಸೈಬೀರಿಯದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿಯನ್ನೂ ಹಿಮಾಲಯವನ್ನೂ ಕಾಲ್ನಡಿಗೆಯಲ್ಲಿ ದಾಟಿ ಭಾರತವನ್ನು ಸೇರಿದೆನೆಂದು ಪೋಲೆಂಡಿನ ಸೈನಿಕ ಸ್ಲಾವೊಮಿರ್ ರಾವಿಚ್ 1956ರಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಂಡ ವೃತ್ತಾಂತವೇ ಅದರ ಮೂಲ. ಕಾಡು, ಚಳಿ, ಹಸಿವುಗಳನ್ನು ವರ್ಣಿಸುವಲ್ಲಿ ತೇಜಸ್ವಿಯವರ ಗದ್ಯಕ್ಕಿರುವ ಬಿಗಿಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ರಾವಿಚ್ ಓಡಿಬರಲಿಲ್ಲ. 1942ರಲ್ಲಿ ಕ್ಷಮಾದಾನದ ಮೇರೆಗೆ ಅವನ ಬಿಡುಗಡೆಯಾಯಿತೆಂದು ತೋರಿಸುವ ಸೋವಿಯತ್ ದಾಖಲೆಗಳು, ಅವುಗಳಲ್ಲಿ ಅವನ ಕೈಬರಹದ್ದೂ ಒಂದು, 2006ರಲ್ಲಿ ಬಿ.ಬಿ.ಸಿ.ಯ ಶೋಧನೆಯಿಂದ ಹೊರಬಿದ್ದವು. ಅನುವಾದಕರ ಮೇಲೆ ಇದರ ಹೊಣೆಯನ್ನು ಹೊರಿಸುವುದು ಅನ್ಯಾಯ. ಸಾಹಸಕಥೆಯಾಗಿ ಕೃತಿ ಇನ್ನೂ ರುಚಿಸುತ್ತದೆ. ಸತ್ಯಕಥೆಯಾಗಿ ಅದು ಉಳಿಯದು.

ವಿಚಿತ್ರವೆಂದರೆ, ಅದೇ ವರ್ಷ ಅದೇ ಸೋವಿಯತ್ ನೆಲದಿಂದ ನಿಜವಾದ ಪಲಾಯನವೊಂದು ನಡೆಯಿತು, ನಡೆಸಿದವರು ಮಕ್ಕಳು. ಬಿಡುಗಡೆಯಾದ ಪೋಲಿಷರೊಡನೆ ಸಾವಿರಾರು ಅನಾಥ ಬಾಲಕರು ಇರಾನನ್ನು ಸೇರಿದರು. ಅವರಲ್ಲಿ ನೂರಾರು ಮಂದಿಗೆ ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜೀ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಆಶ್ರಯವಿತ್ತರು. ಅದೇ ಗುಂಪಿನಲ್ಲಿ, ಹಿಟ್ಲರನ ಸೇನೆಗೆ ಬೆದರಿ ಪೂರ್ವಕ್ಕೆ ಓಡಿದ್ದ ಯೆಹೂದಿ ಮನೆತನಗಳ ಮಕ್ಕಳು ಏಳುನೂರಕ್ಕೂ ಮಿಕ್ಕಿ ಇದ್ದರು. ಟೆಹರಾನಿನಿಂದ ಪ್ಯಾಲೆಸ್ಟೈನಿಗೆ ಇರಾಕಿನ ಮೂಲಕ ದಾರಿ ಸಮೀಪವಿತ್ತು, ಇರಾಕು ಬಿಡಲಿಲ್ಲ. ಅವರನ್ನು ಹಡಗಿನಲ್ಲಿ ಮೊದಲು ಕರಾಚಿಗೆ, ಅಲ್ಲಿಂದ ಅರಬ್ಬೀ ಸಮುದ್ರ ಸುತ್ತಿ ಸೂಯೆಜಿಗೆ ಕರೆದೊಯ್ದರು. 1943ರ ಫೆಬ್ರವರಿಯಲ್ಲಿ ಅವರು ದಡ ಸೇರಿದರು. ಈ ಮಕ್ಕಳ ಕಥೆ ನಮ್ಮಲ್ಲಿ ಮನೆಮಾತಾಗಲಿಲ್ಲ. 1689ರಲ್ಲಿ ಮರಾಠರ ರಾಜಾರಾಮನಿಗೆ ಔರಂಗಜೇಬನನ್ನು ಲೆಕ್ಕಿಸದೆ ಆಸರೆಯಿತ್ತ ಕೆಳದಿಯ ಚೆನ್ನಮ್ಮಾಜಿಯನ್ನು ನಮ್ಮ ಮಲೆನಾಡು ಅಭಿಮಾನದಿಂದ ನೆನೆಯುತ್ತದೆ. ರಾಜಾರಾಮನಿಗಾದರೂ ಹಿಂದೆ ಒಂದು ಸಿಂಹಾಸನವಿತ್ತು.

ಇಂತಹ ಸಿಂಹಾಸನವಿಲ್ಲದ ಮಗುವಿನ ಕಥೆಯನ್ನು ಕನ್ನಡದಲ್ಲಿ ಹೇಳಹೊರಟ ಕೃತಿ ನೇಮಿಚಂದ್ರರ ‘ಯಾದ್ ವಶೇಮ್’ (2007). ಹೆಸರು ಜೆರೂಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಸ್ಮಾರಕದ್ದು. ಜರ್ಮನಿಯಿಂದ ತಂದೆಯೊಡನೆ ಬೆಂಗಳೂರಿಗೆ ಬಂದ ಹ್ಯಾನಾ, ತಂದೆಯನ್ನೂ ಕಳೆದುಕೊಂಡು, ಇಲ್ಲಿನವರ ಮಡಿಲಲ್ಲಿ ಅನಿತಾ ಆಗಿ ಬೆಳೆಯುತ್ತಾಳೆ. ಮುಪ್ಪಿನಲ್ಲಿ ಕಳೆದುಹೋದ ತನ್ನವರನ್ನು ಅರಸಿ ಹೊರಡುತ್ತಾಳೆ.

ರಕ್ಷಣೆಯೆಂಬುದು ಮಗುವಿನ ಪ್ರಾಣ ಉಳಿದೊಡನೆ ಮುಗಿಯುವುದಿಲ್ಲವೆಂಬುದನ್ನು ಕಾದಂಬರಿಕಾರ್ತಿ ಚೆನ್ನಾಗಿ ಅರಿತಿದ್ದಾರೆ. 1938ರ ಡಿಸೆಂಬರಿನಿಂದ 1939ರ ಸೆಪ್ಟೆಂಬರಿನವರೆಗೆ ಸುಮಾರು 10,000 ಮಕ್ಕಳನ್ನು, ಬಹುಪಾಲು ಯೆಹೂದಿಗಳನ್ನು, ಇಂಗ್ಲೆಂಡು ಒಳಗೊಂಡಿತು, ತಂದೆತಾಯಿಗಳನ್ನು ಒಳಗೊಳ್ಳಲಿಲ್ಲ. ರೈಲ್ವೆ ನಿಲ್ದಾಣದಲ್ಲಿ ಕೈಬೀಸಿದ ತಾಯಿಯನ್ನು ಅನೇಕರು ಮತ್ತೆ ಕಾಣಲಿಲ್ಲ. ಹೊಸ ಭಾಷೆ, ಹೊಸ ಹೆಸರು, ಹೊಸ ಅಡಿಗೆ: ಸಾಕಿದವರ ಪ್ರೀತಿ ಎಷ್ಟೇ ನಿಜವಾದರೂ ಅದರೊಳಗೆ ಮಗುವಿನದೊಂದು ಮರೆವು ಬೆರೆತಿರುತ್ತದೆ. ಹ್ಯಾನಾ ಅನಿತಾ ಆಗುವ ಭಾಗವೇ ಈ ಕಾದಂಬರಿಯ ಜೀವಾಳ.

ದೋಷವಿಲ್ಲವೆಂದಲ್ಲ. ಪ್ರವಾಸಕಥನದಲ್ಲಿ ಪಳಗಿದ ಲೇಖನಿ ಹುಡುಕಾಟದ ಭಾಗಗಳಲ್ಲಿ ಸ್ಥಳ, ಸಂಖ್ಯೆ, ಇತಿಹಾಸಗಳನ್ನು ತುಂಬುತ್ತ ಹೋಗುತ್ತದೆ. ಪಾತ್ರ ಹಿಂದೆ ಸರಿದು ಉಪನ್ಯಾಸ ಮುಂದೆ ಬರುತ್ತದೆ. ಆದರೂ ಲೇಖಕಿ ಜರ್ಮನಿಯನ್ನು ಮಾತ್ರ ಕಟಕಟೆಗೆ ನಿಲ್ಲಿಸಿ ಸುಮ್ಮನಾಗದೆ ನಮ್ಮ ನಾಡಿನ ದ್ವೇಷಗಳತ್ತಲೂ ಕಣ್ಣು ಹಾಯಿಸುವುದು ಮೆಚ್ಚತಕ್ಕದ್ದು. ತಮಿಳಿಗೆ ಕೆ. ನಲ್ಲತಂಬಿಯವರು ಮಾಡಿದ ಅನುವಾದಕ್ಕೆ 2022ರ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರ ಸಂದಿತು.

ನೋಡಿ, ಸತ್ಯವೆಂದು ಹೇಳಿಕೊಂಡ ಪುಸ್ತಕದ ನಾಯಕ ನಡೆಯಲಿಲ್ಲ. ಕಾದಂಬರಿಯೆಂದು ಹೇಳಿಕೊಂಡ ಪುಸ್ತಕದ ಹಿಂದೆ ನಿಜದ ಮಕ್ಕಳಿದ್ದಾರೆ. ಯೆಹೂದಿಗಳ ಹತ್ಯೆಯೇ ನಡೆಯಲಿಲ್ಲವೆಂದು ವಾದಿಸುವವರಿರುವಾಗ ಈ ವ್ಯತ್ಯಾಸವನ್ನು ಎಳೆಯ ಓದುಗರಿಂದ ಮರೆಮಾಚುವುದು ತರವಲ್ಲ. ಅವರ ಕೈಗೆ ‘ಮಹಾಪಲಾಯನ’ವನ್ನು ಅವಶ್ಯವಾಗಿ ಕೊಡೋಣ, ಅದರ ಮುಂದಿನ ಮುದ್ರಣಗಳಲ್ಲಿ 2006ರ ಸಂಗತಿಯನ್ನೂ ಕರಾಚಿಯ ಹಾದಿಯಲ್ಲಿ ಹೋದ ಆ ಮಕ್ಕಳ ವಿಷಯವನ್ನೂ ತಿಳಿಸುವ ಎರಡು ಪುಟಗಳು ಇರಲಿ.