ಅನಿಮೇಶನ್ ಕಿರುಚಿತ್ರಗಳೂ ವಿಮರ್ಶಕನ ಹೊಣೆಯೂ

ಸ್ವತಂತ್ರ ಕಲಾವಿದರು ರಚಿಸುವ ಅನಿಮೇಶನ್ ಕಿರುಚಿತ್ರಗಳ ವಿಷಯದಲ್ಲಿ ಹೊಗಳಿಕೆಯುಂಟು, ತೆಗಳಿಕೆಯುಂಟು, ವಿಮರ್ಶೆ ವಿರಳ. ಕಲಾವಿದನಿಗೆ ಉಪಕರಿಸುವ ವಿಮರ್ಶೆ ಎಂತಹುದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಈ ಕಲೆಯಲ್ಲಿ ಚಲನೆಯೆಲ್ಲವೂ ಕೈಯಿಂದಲೇ ಹುಟ್ಟಬೇಕು. ಸೆಕೆಂಡಿಗೆ 24 ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಲ್ಲಿ ನಿಲ್ಲಿಸಿದರೂ 15 ನಿಮಿಷದ ಕೃತಿಗೆ 10,800 ಚಿತ್ರಗಳು ಬೇಕು. ಆದುದರಿಂದ ಕರಡು ರೇಖೆಗಳ ಹಂತದಲ್ಲಿ ಸುಲಭವಾಗಿ ಆಗುವ ತಿದ್ದುಪಡಿ, ಕೃತಿ ಮುಗಿದ ಮೇಲೆ ತಿಂಗಳುಗಳ ದುಡಿಮೆಯನ್ನೇ ಅಳಿಸಬಲ್ಲುದು. ವಿಮರ್ಶಕನ ಮಾತು ಸಕಾಲದ್ದೂ ಖಚಿತವಾದುದೂ ಆಗಿರಬೇಕು.

ಅಂಕಲಿಯ ಕೃಷ್ಣಾತೀರದಲ್ಲಿ ಕಬ್ಬಿನ ಗಾಡಿಯೊಂದು ದಿಬ್ಬವೇರುವ ದೃಶ್ಯವನ್ನು ಒಬ್ಬನು ಬರೆದಿರುವನೆಂದು ಊಹಿಸೋಣ. ‘ಚೆನ್ನಾಗಿಲ್ಲ’ ಎಂಬ ಮಾತಿನಿಂದ ಅವನಿಗೆ ಪ್ರಯೋಜನವಿಲ್ಲ. ‘ಎತ್ತಿನ ಹೆಗಲು ಕುಗ್ಗಲಿಲ್ಲ, ಹೆಜ್ಜೆ ತಡೆಯಲಿಲ್ಲ, ಹೊರೆಯ ಭಾರ ನಮಗೆ ತಿಳಿಯಲಿಲ್ಲ’ ಎಂದರೆ ತಿದ್ದಬೇಕಾದ ಸ್ಥಳ ಗೊತ್ತಾಗುತ್ತದೆ, ತಿದ್ದುವ ಬಗೆ ಅವನದೇ ಆಗಿ ಉಳಿಯುತ್ತದೆ.

ಆದರೆ ನಮಗೆ ಹಿಡಿಸದುದೆಲ್ಲವೂ ದೋಷವಲ್ಲ. ಗೀತಾಂಜಲಿ ರಾವ್ ಅವರು ತಾವೇ ಚಿತ್ರಿಸಿದ, 2006ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟ ‘ಪ್ರಿಂಟೆಡ್ ರೇನ್‌ಬೋ’ ಕೃತಿಯಲ್ಲಿ ಸಂಭಾಷಣೆಯಿಲ್ಲ. ಮುದುಕಿಯೊಬ್ಬಳು, ಅವಳ ಬೆಕ್ಕು, ನಗರದ ಬಣ್ಣಗೆಟ್ಟ ಏಕಾಂತ. ಬೆಂಕಿಪೆಟ್ಟಿಗೆಯ ಚಿತ್ರಗಳೊಳಕ್ಕೆ ಅವಳ ಕಲ್ಪನೆ ಹೊಕ್ಕಾಗ ಬಣ್ಣದ ಲೋಕ. ಏಕಾಂತದ ಭಾಗವು ನಿಧಾನವೆಂದು ದೂರುವವನು, ಆ ನಿಧಾನವಿಲ್ಲದಿದ್ದರೆ ಬಣ್ಣಕ್ಕೆ ಬೆಲೆಯೇ ಇರದೆಂಬುದನ್ನು ಮರೆಯುತ್ತಾನೆ.

ಕೃತಿಯ ಉದ್ದೇಶವನ್ನು ಮೊದಲು ಅರಿಯುವುದು, ಅದು ಎಲ್ಲಿ ಈಡೇರಲಿಲ್ಲವೋ ಆ ಸ್ಥಳವನ್ನು ಬಳಿಕ ತೋರುವುದು: ವಿಮರ್ಶಕನ ಹೊಣೆ ಇದೆಂದು ನಾವು ಭಾವಿಸುತ್ತೇವೆ. ಏಕಾಕಿಯಾಗಿ ವರ್ಷಗಟ್ಟಲೆ ದುಡಿದವನಿಗೆ ಮುಖಸ್ತುತಿಯೂ ನಿಂದೆಯಷ್ಟೇ ನಿರುಪಯುಕ್ತ.