ಸ್ವಾಮಿಯ ಅಪ್ಪನ ಧೈರ್ಯ

ಆರ್.ಕೆ. ನಾರಾಯಣ್ ಬರೆದ ‘ಎ ಹೀರೋ’ ನಮ್ಮ ರಾಜ್ಯದ ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಪಾಠವಾಗಿ ಬಂದ ಕತೆ. ಅದನ್ನು ಧೈರ್ಯದ ಕತೆ ಅಂತಲೇ ಓದುವವರು ಜಾಸ್ತಿ. ನನಗೇನೋ ಅದು ಒಬ್ಬ ಅಪ್ಪನ ಹಟದ ಕತೆ ಅನ್ಸುತ್ತೆ.

ಹಳ್ಳಿ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿ ಪೇಪರಲ್ಲಿ ಬಂದಿರುತ್ತೆ. ಸ್ವಾಮಿ ನಂಬೋದಿಲ್ಲ. ಮೈಯಲ್ಲಿ ಶಕ್ತಿ ಇಲ್ಲದಿದ್ರೂ ಧೈರ್ಯ ಇದ್ರೆ ಸಾಕು ಅಂತ ವಾದ ಹೂಡುವ ಅಪ್ಪ, ಅದನ್ನು ಸಾಬೀತು ಮಾಡೋಕೆ ಮಗನನ್ನು ಆಫೀಸ್ ರೂಮಲ್ಲಿ ಒಬ್ಬನೇ ಮಲಗಿಸ್ತಾನೆ. ಅಜ್ಜಿಯ ಪಕ್ಕ ಮಲಗೋದು ಅವನ ಕಣ್ಣಿಗೆ ನಾಚಿಕೆಗೇಡು. ಬೆಂಚಿನ ಕೆಳಗೆ ಮುದುಡಿಕೊಂಡ ಹುಡುಗ ಕತ್ತಲಲ್ಲಿ ಬಂದ ಆಕೃತಿಯ ಕಾಲನ್ನು ದಿಗಿಲಿಗೆ ಕಚ್ಚಿ ಹಿಡೀತಾನೆ. ನೋಡಿದ್ರೆ ಅದು ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿ ಹೀರೋ.

ಊರೆಲ್ಲ ಚಪ್ಪಾಳೆ ತಟ್ಟಿದ್ದು ಶುದ್ಧ ಭಯಕ್ಕೆ. ಪೊಲೀಸರು, ಹೆಡ್‌ಮಾಸ್ಟರು ಎಲ್ಲರೂ ಬೆನ್ನು ತಟ್ಟುತ್ತಾರೆ. ಅಪ್ಪನ ವಾದ ಲೋಕದ ಕಣ್ಣಲ್ಲಿ ಗೆದ್ದಿದೆ, ಆದ್ರೆ ಗೆದ್ದ ರೀತಿ ಪೂರ್ತಿ ಸುಳ್ಳು. ಇದನ್ನು ಬಿಡಿಸಿ ಹೇಳುವ ಗೋಜಿಗೆ ನಾರಾಯಣ್ ಹೋಗೋದೇ ಇಲ್ಲ. ಮರುದಿನ ಅಪ್ಪ ಕ್ಲಬ್ಬಿಂದ ಬರೋ ಹೊತ್ತಿಗೆ ಹೀರೋ ಅಜ್ಜಿ ಪಕ್ಕ ಮಲಗಿಬಿಟ್ಟಿದ್ದಾನೆ. ಅಮ್ಮ ಅವನ ಪರ ನಿಲ್ತಾಳೆ, ಅಪ್ಪ ಗೊಣಗಿಕೊಂಡು ಹೋಗ್ತಾನೆ. ಅಷ್ಟೇ. ಈಗಿನ ಮಕ್ಕಳ ಪುಸ್ತಕಗಳಾಗಿದ್ರೆ ಕೊನೇ ಪುಟದಲ್ಲಿ ಅಪ್ಪ ಕಣ್ಣೊರೆಸಿಕೊಂಡು ಮಗನನ್ನು ತಬ್ಬಿಕೊಳ್ತಿದ್ದ. (ಮಗನಿಗೆ ತಂದ ಅಂಥ ನಾಲ್ಕಾರು ಪುಸ್ತಕ ನಮ್ಮ ಮನೆಯಲ್ಲೂ ಇವೆ, ಚಿತ್ರಗಳು ಚೆನ್ನಾಗಿವೆ.) ಇಲ್ಲಿ ಅಪ್ಪ ಏನೂ ಕಲಿಯೋದಿಲ್ಲ. ಅದಕ್ಕೇ ಅವನನ್ನು ನಾನು ನಂಬ್ತೀನಿ.

ಈ ಅಪ್ಪನಿಗೆ ಭಯವೇ ಇಲ್ವಾ? 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಓದಿ. ರಜೆಯಲ್ಲಿ ಮಾವಿನಹಣ್ಣಿನ ಲೆಕ್ಕ ಕೊಟ್ಟು ಹುಡುಗನನ್ನು ಅಳಿಸುವ ಅದೇ ಅಪ್ಪ, ಮಗ ಮನೆ ಬಿಟ್ಟು ಓಡಿಹೋದಾಗ ಸರಯೂ ನದಿಯ ದಂಡೆ, ರೈಲು ಹಳಿ ಅಂತ ಹುಡುಕುತ್ತಾ ಅಲೀತಾನೆ. ಮನೆಯ ಹೆಂಗಸರ ಮುಂದೆ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಇರ್ತಾನೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿ ಬೆಳೆದವರಿಗೆ ಅಪ್ಪ ಅಂದ್ರೆ ಗಿರೀಶ್ ಕಾರ್ನಾಡರ ಮುಖ. ಆ ಮುಖದ ಗಾಂಭೀರ್ಯ ಈ ಒಳಗಿನ ನಡುಕವನ್ನು ಸ್ವಲ್ಪ ಮುಚ್ಚಿಹಾಕಿದೆ ಅಂತ ನನ್ನ ತಕರಾರು. ನಮ್ಮೂರಲ್ಲಿ ನಾವು ಜಗಲಿ ಮೇಲೆ ನಿದ್ದೆ ಹೋದ್ರೆ ಅಪ್ಪಂದಿರು ಎತ್ತಿಕೊಂಡು ಹೋಗಿ ಒಳಗೆ ಮಲಗಿಸ್ತಿದ್ರು. ಎಚ್ಚರ ಇದ್ದಿದ್ರೆ ಮುಟ್ತಿರಲಿಲ್ಲ, ‘ಏಳೋ, ಕಾಲಿಲ್ವಾ?’ ಅಷ್ಟೇ.

ಇದಕ್ಕೆ ತದ್ವಿರುದ್ಧ ರೋಲ್ಡ್ ಡಾಲ್ ಬರೆದ ‘ಡ್ಯಾನಿ, ದಿ ಚಾಂಪಿಯನ್ ಆಫ್ ದಿ ವರ್ಲ್ಡ್’ (1975). ಪೆಟ್ರೋಲ್ ಬಂಕ್ ನಡೆಸುವ ಅಪ್ಪ ಮಗನಿಗೆ ಸ್ನಾನ ಮಾಡಿಸ್ತಾನೆ, ಅಡುಗೆ ಮಾಡ್ತಾನೆ, ಕತೆ ಹೇಳ್ತಾನೆ. ಶ್ರೀಮಂತನ ಕಾಡಲ್ಲಿ ಹಕ್ಕಿ ಕದಿಯುವ ತನ್ನ ಗುಟ್ಟನ್ನೂ ಹೇಳಿಕೊಳ್ತಾನೆ. ಅಲ್ಲಿ ಗುಂಡಿಗೆ ಬಿದ್ದು ಕಾಲು ಮುರ್ಕೊಂಡಾಗ 9 ವರ್ಷದ ಮಗ ರಾತ್ರಿ ಕಾರು ಓಡಿಸಿಕೊಂಡು ಹೋಗಿ ಕರೆದುಕೊಂಡು ಬರ್ತಾನೆ. ಧೈರ್ಯ ಬೇಕಾದಾಗ ಬಂತು, ಯಾರೂ ಪರೀಕ್ಷೆ ಇಡಲಿಲ್ಲ.

ನನ್ನ ಓರಗೆಯ ಅಪ್ಪಂದಿರಿಗೆಲ್ಲ ಡ್ಯಾನಿಯ ಅಪ್ಪನೇ ಇಷ್ಟ, ನನಗೂ ಇಷ್ಟ. ಆದ್ರೆ ಡಾಲ್ ಒಂದು ಸುಲಭದ ದಾರಿ ಹಿಡಿದಿದ್ದಾನೆ. ಡ್ಯಾನಿಗೆ 4 ತಿಂಗಳಾಗಿದ್ದಾಗಲೇ ತಾಯಿ ತೀರಿಹೋಗಿದ್ದಾಳೆ, ಮನೆಯಲ್ಲಿ ಅಜ್ಜಿಯೂ ಇಲ್ಲ. ಮುದ್ದು ಮಾಡೋ ಕೆಲಸ ವಹಿಸಿಕೊಳ್ಳೋಕೆ ಬೇರೆ ಯಾರೂ ಇಲ್ಲದಿದ್ದಾಗ ಅಪ್ಪ ಮುದ್ದು ಮಾಡಿದ. ಸ್ವಾಮಿಯ ಮನೆಯಲ್ಲಿ ಆ ಕೆಲಸ ಹೆಂಗಸರ ಪಾಲಿಗೆ ಬಂದುಬಿಟ್ಟಿದೆ, ಅಪ್ಪನ ಪಾಲಿಗೆ ಉಳಿದಿರೋದು ಲೆಕ್ಕ ಮತ್ತು ಹುಲಿ. ಅಮ್ಮ, ಅಜ್ಜಿ ಇಬ್ಬರೂ ಇರುವ ಮನೆಯಲ್ಲಿ ಮಗನ ಪಕ್ಕ ಹಾಸಿಗೆ ಹಾಸಿಕೊಳ್ಳುವ ಅಪ್ಪನನ್ನು ಡಾಲ್ ಈ ಪುಸ್ತಕದಲ್ಲಿ ಬರೆದಿಲ್ಲ, ನಾರಾಯಣ್ ಕೂಡ ಬರೆದಿಲ್ಲ.