ಪೀಠಿಕೆಯ ನಾಲ್ಕನೆಯ ಮಾತು

ಪುಣೆಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುತ್ತ ನಾನು ಕಲಿತ ಮೊದಲ ಮರಾಠಿ ವಾಕ್ಯ ‘ಆಡನಾವ್ ಕಾಯ್?’ ಅಡ್ಡಹೆಸರೇನು ಎಂದು. ಹಳೇ ಮೈಸೂರು ಕಡೆಯ ನನಗೆ ಅಡ್ಡಹೆಸರಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಷ್ಟೇ. ಆಗ ಎರಡನೆಯ ಪ್ರಶ್ನೆ ಬರುತ್ತಿತ್ತು, ವೆಜ್ಜೋ ನಾನ್‌ವೆಜ್ಜೋ? ಮೂರನೆಯ ವಾರ ಸಿಕ್ಕ ಮಾಲೀಕರು ಕನ್ನಡದವರು. ಎರಡು ಮಾತಿನಲ್ಲಿ ನನ್ನ ಮನೆತನದ ಗುರುತು ಹಿಡಿದು, ‘ಓ, ನಮ್ಮವರೇ!’ ಎಂದು ಅಂದು ಸಂಜೆಯೇ ಕೀಲಿ ಕೊಟ್ಟರು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ರಾಯಚೂರು ಕಡೆಯ ಗೆಳೆಯನೂ ಕನ್ನಡದವನೇ, ದಲಿತ. ಅವನು ಹೋಗಿ ಹೆಸರು ಹೇಳಿದ ಮೇಲೆ ಪ್ರತಿ ಮನೆಯೂ ‘ನಿನ್ನೆಯಷ್ಟೇ ಹೋಗಿ’ರುತ್ತಿತ್ತು.

ಇದು ನೆನಪಾದದ್ದು ಜನವರಿ 26ರಂದು. ನಮ್ಮ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ರಾತ್ರಿ ಅಭ್ಯಾಸಕ್ಕೆಂದು ಓದುವಾಗ ನಾಲ್ಕನೆಯ ಮಾತಿನ ಹತ್ತಿರ ತಡೆದು ನಿಂತೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಆಮೇಲೆ ಬಂಧುತ್ವ. ಪೀಠಿಕೆಯನ್ನು ನಾವು ಪ್ರಮಾಣವಚನದಂತೆ ಓದುತ್ತೇವೆ. ಒಂದು ಸಲ ಕವಿತೆ ಓದುವ ಹಾಗೆ, ಕ್ರಿಯಾಪದಗಳ ಕಡೆ ಕಣ್ಣಿಟ್ಟು ಓದಿ ನೋಡಿ.

ಇಂಗ್ಲಿಷ್ ಮೂಲದಲ್ಲಿ ಮೊದಲ ಮೂರು ಮಾತುಗಳಿಗೆ ಒಂದೇ ಕ್ರಿಯಾಪದ: ನಾಗರಿಕರೆಲ್ಲರಿಗೂ ದೊರಕಿಸಿಕೊಡುವುದು. ನಾಲ್ಕನೆಯದಕ್ಕೆ ಕ್ರಿಯಾಪದ ಬದಲಾಗುತ್ತದೆ: ಅವರೆಲ್ಲರ ನಡುವೆ ಬೆಳೆಸುವುದು. ಮೊದಲಿನ ಮೂರನ್ನು ಪ್ರಭುತ್ವದ ಮುಂದೆ ನಿಂತು ಕೇಳಬಹುದು, ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ನಾಲ್ಕನೆಯದು ಸರ್ಕಾರ ಮತ್ತು ನನ್ನ ನಡುವಿನದಲ್ಲ, ನನ್ನ ಮತ್ತು ಪಕ್ಕದ ಮನೆಯವನ ನಡುವಿನದು. ಈ ಒಂದು ಕ್ರಿಯಾಪದದ ವ್ಯತ್ಯಾಸದಲ್ಲಿ ಇಡೀ ದಾಖಲೆಯ ಬಲವೂ ಇದೆ, ಅದರ ಕೈಗೆ ಎಟುಕದ ಜಾಗವೂ ಇದೆ.

ಈ ಮಾತು ಮೊದಲಿನಿಂದ ಅಲ್ಲಿ ಇರಲಿಲ್ಲ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯ ಮುಂದಿಟ್ಟ ಧ್ಯೇಯಗಳ ನಿರ್ಣಯದಲ್ಲಿ ನ್ಯಾಯವಿತ್ತು, ಸಮಾನತೆಯಿತ್ತು, ಸ್ವಾತಂತ್ರ್ಯವಿತ್ತು, ಬಂಧುತ್ವ ಇರಲಿಲ್ಲ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಅದರ ಪಕ್ಕದಲ್ಲಿ ವ್ಯಕ್ತಿಯ ಘನತೆ, ಆಮೇಲೆ ರಾಷ್ಟ್ರದ ಏಕತೆ ಎಂಬ ಕ್ರಮವನ್ನೂ ಇಟ್ಟಿತು. ಘನತೆ ಮೊದಲು, ಏಕತೆ ನಂತರ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ. ಬಂಧುತ್ವ ಇಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯಗಳು ಗೋಡೆಗೆ ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ.

ಹಾಗಾದರೆ ಒಳಗಿನ ವಿಧಿಗಳಲ್ಲಿ ಇದಕ್ಕೆ ಎಷ್ಟು ಜಾಗ? ನಮ್ಮಂಥ ವಲಸಿಗರ ಜೀವಾಳ 19ನೇ ವಿಧಿ. ದೇಶದಲ್ಲಿ ಎಲ್ಲಿಗಾದರೂ ಹೋಗಿ ನೆಲೆಸುವ ಹಕ್ಕು ಅದರಲ್ಲಿದೆ. ನಾನು ಪುಣೆಯಲ್ಲಿರುವುದು ಯಾರ ದಯೆಯಿಂದಲೂ ಅಲ್ಲ. 15ನೇ ವಿಧಿ ಜಾತಿ, ಧರ್ಮ, ಹುಟ್ಟಿದ ಸ್ಥಳದ ಆಧಾರದ ಮೇಲೆ ಪ್ರಭುತ್ವ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದರ ಎರಡನೆಯ ಉಪವಿಧಿ ಪ್ರಭುತ್ವವನ್ನು ದಾಟಿ ಬೀದಿಗೇ ಇಳಿಯುತ್ತದೆ: ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ. ಪಟ್ಟಿ ಓದುತ್ತ ಹೋದರೆ ಒಂದು ಊರೇ ಕಣ್ಣಮುಂದೆ ಬರುತ್ತದೆ. ಆದರೆ ಆ ಊರಿನಲ್ಲಿ ಬಾಡಿಗೆ ಮನೆಯಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಅದು ಖಾಸಗಿಯವರಿಗೂ ಅನ್ವಯಿಸುತ್ತದೆ, ಅದರ ಬೆನ್ನಿಗೆ ಕಾಯ್ದೆಗಳೂ ಇವೆ. ಆದರೆ ಮನೆ ಕೊಡದವರು ಕಾರಣ ಹೇಳಿದರೆ ತಾನೆ ಕೇಸು? ‘ನಿನ್ನೆಯಷ್ಟೇ ಹೋಯಿತು’ ಎನ್ನುವುದಕ್ಕೆ ಯಾವ ಕಲಂ ಹಾಕುವುದು?

2005ರಲ್ಲಿ ಅಹಮದಾಬಾದಿನ ಒಂದು ಸಹಕಾರಿ ಗೃಹ ಸಂಘದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಂದೇ ಸಮುದಾಯದವರು ಸದಸ್ಯರಾಗಬೇಕು ಎಂಬ ಅದರ ಉಪನಿಯಮವನ್ನು ಕೋರ್ಟು ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯವೂ ಅದೇ 19ನೇ ವಿಧಿಯಲ್ಲಿದೆಯಲ್ಲ. ಸಣ್ಣ ಸಮುದಾಯವೊಂದು ತನ್ನವರನ್ನು ಒಟ್ಟಿಗೆ ಉಳಿಸಿಕೊಳ್ಳಲು ಬಯಸುವುದು ಪರಊರಿನಲ್ಲಿ ಬಳಗ ಕಟ್ಟಿಕೊಂಡ ನಮಗೆ ಅರ್ಥವಾಗದ ಸಂಗತಿಯಲ್ಲ. ಆದರೆ ಅದೇ ತರ್ಕ ದೊಡ್ಡ ಸಮುದಾಯಗಳ ಕೈಗೆ ಸಿಕ್ಕರೆ ಊರೆಲ್ಲ ‘ನಮ್ಮವರ’ ಕಾಂಪೌಂಡುಗಳಾಗುತ್ತದೆ. ನೆಲೆಸುವ ನನ್ನ ಹಕ್ಕು ಒಬ್ಬೊಬ್ಬರ ಗೇಟಿನ ಮುಂದೆ ನಿಂತು ಕಾಯುತ್ತದೆ.

ಬಂಧುತ್ವ ಸಂವಿಧಾನದಲ್ಲಿ ಮತ್ತೆ ಕಾಣಿಸಿಕೊಳ್ಳುವುದು 1976ರ 42ನೇ ತಿದ್ದುಪಡಿ ತಂದ ಮೂಲಭೂತ ಕರ್ತವ್ಯಗಳಲ್ಲಿ, ಕೋರ್ಟಿನಲ್ಲಿ ಕೇಳಿ ಪಡೆಯಲಾಗದ ಭಾಗದಲ್ಲಿ. ಧರ್ಮ, ಭಾಷೆ, ಪ್ರದೇಶ, ಪಂಗಡಗಳ ಭೇದ ಮೀರಿದ ಸೋದರಭಾವ ಎಂದಿದೆ. ಜಾತಿ ಎಂಬ ಪದವನ್ನು ಆ ವಾಕ್ಯ ಉಚ್ಚರಿಸುವುದೇ ಇಲ್ಲ.

ನನ್ನ ನಿಜವಾದ ತಕರಾರು ಕನ್ನಡದ ಪದದ ಮೇಲೆ. ಭ್ರಾತೃತ್ವ, ಸಹೋದರತೆ, ಬಂಧುತ್ವ, ಎಲ್ಲವೂ ಬಳಕೆಯಲ್ಲಿವೆ. ಮೊದಲ ಎರಡರಲ್ಲಿ ಅಣ್ಣತಮ್ಮಂದಿರು ಮಾತ್ರ ಇದ್ದಾರೆ. ಬಂಧುತ್ವ ಅದಕ್ಕಿಂತ ಅಗಲ, ನಿಜ. ಆದರೆ ಬಂಧು ಎಂದರೆ ಯಾರು? ಮದುವೆ ಕರೆಯೋಲೆಯಲ್ಲಿ ‘ಬಂಧುಮಿತ್ರರು’ ಎನ್ನುತ್ತೇವೆ. ಬಂಧು ಬೇರೆ, ಮಿತ್ರ ಬೇರೆ ಎಂದು ಭಾಷೆಗೇ ಗೊತ್ತು. ನನಗೆ ಕೀಲಿ ಕೊಟ್ಟ ಮಾಲೀಕರು ನಡೆದುಕೊಂಡದ್ದೂ ಬಂಧುತ್ವದಿಂದಲೇ. ರೋಗಕ್ಕೂ ಔಷಧಿಗೂ ನಾವು ಒಂದೇ ಹೆಸರಿಟ್ಟಿದ್ದೇವೆ.

ಬಂಧುಗಳ ವೃತ್ತವನ್ನೇ ಲೋಕವೆಲ್ಲ ಒಳಗೊಳ್ಳುವಷ್ಟು ದೊಡ್ಡದು ಮಾಡಬಹುದಲ್ಲ ಎಂದು ಕೇಳಬಹುದು. ಬಸವಣ್ಣನವರ ದಾರಿ ಅದೇ. ಇವನು ಯಾರವನೆಂದು ಕೇಳುವ ನಾಲಗೆಯನ್ನೇ ಅವರು ತಿದ್ದಲು ಹೊರಟರು. ಆದರೆ ಅಂಬೇಡ್ಕರ್ ಫ್ರೆಂಚ್ ಕ್ರಾಂತಿಯ ಈ ಪದ ಸಾಲದು ಎಂದು ಬರೆದಿದ್ದಾರೆ. ಬುದ್ಧ ಹೇಳಿದ ಮೈತ್ರಿಯೇ ಸರಿಯಾದ ಪದ ಎಂಬುದು ಅವರ ನಿಲುವು. ಮೈತ್ರಿಗೆ ರಕ್ತ ಬೇಡ, ಅಡ್ಡಹೆಸರು ಬೇಡ. ಎದುರಿನವನು ನನ್ನವನೆಂದು ಸಾಬೀತಾಗುವುದೂ ಬೇಡ. ಕನ್ನಡಕ್ಕೆ ಅದು ಹೊಸ ಪದವೇನಲ್ಲ. ನಾವು ಅದನ್ನು ಚುನಾವಣೆಯ ‘ಮೈತ್ರಿಕೂಟ’ಕ್ಕೆ ಬಿಟ್ಟುಕೊಟ್ಟಿದ್ದೇವೆ, ಅಷ್ಟೆ.

ಈ ಪದದ ಬೆಲೆ ಅವರಿಗೆ ಗ್ರಂಥಗಳಿಂದ ಮಾತ್ರ ತಿಳಿದದ್ದಲ್ಲ. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಉಳಿಯಲು ಕೋಣೆ ಸಿಗಲಿಲ್ಲ. ಬೇರೆ ಹೆಸರು ಹೇಳಿ ಒಂದು ಛತ್ರದಲ್ಲಿ ಇದ್ದರು. ಗುರುತು ಗೊತ್ತಾದಾಗ ಜನ ಕೋಲು ಹಿಡಿದು ಬಂದು ಹೊರಹಾಕಿದರು. ಗೆಳೆಯರೂ ಜಾಗ ಕೊಡಲಾಗದೆ ಹಿಂದೆಸರಿದರು. ರಾತ್ರಿಯ ರೈಲಿನವರೆಗೆ ಸಾರ್ವಜನಿಕ ಉದ್ಯಾನದಲ್ಲಿ ಕಾಲ ಕಳೆದು ಮುಂಬಯಿಗೆ ಮರಳಿದರು. ಕರಡು ಸಮಿತಿಯ ಅಧ್ಯಕ್ಷರೂ ಒಂದು ಕಾಲದಲ್ಲಿ ಹೊಸ ಊರಿಗೆ ಬಂದ ಬಾಡಿಗೆದಾರರೇ.

ಕೊನೆಗೆ ನನ್ನ ವಿಷಯ. ಮೂರು ವರ್ಷದ ಮೇಲೆ ಆ ಮನೆ ಬಿಡುವಾಗ ಮಾಲೀಕರು, ‘ಒಳ್ಳೆ ಜನ ಇದ್ದರೆ ಹೇಳ್ರಿ, ನಮ್ಮ ಪೈಕಿಯವರೇ ಆದರೆ ಇನ್ನೂ ಚೆನ್ನ’ ಎಂದರು. ಗೆಳೆಯ ಆಗಲೂ ಊರಾಚೆಯ ಕೋಣೆಯಿಂದ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಓಡಾಡುತ್ತಿದ್ದ. ಅವನ ಹೆಸರು ನಾಲಗೆಯ ತುದಿಗೆ ಬಂತು. ‘ಆಗಲಿ, ನೋಡ್ತೀನಿ’ ಎಂದೆ. ಹೆಸರು ಹೇಳಲಿಲ್ಲ. ಯಾವ ವಿಧಿಯನ್ನೂ ನಾನು ಮುರಿಯಲಿಲ್ಲ.

ಜನವರಿ 26ರಂದು ಪೀಠಿಕೆಯನ್ನು ಅಚ್ಚಿನಲ್ಲಿದ್ದಂತೆಯೇ ಓದಿದೆ. ಎದುರಿಗೆ ಮೂರನೆಯ ಸಾಲಿನಲ್ಲಿ ಅವನು ಕೂತಿದ್ದ. ನಾಲ್ಕನೆಯ ಮಾತಿಗೆ ಬಂದಾಗ ನಾನು ಹಾಳೆಯಿಂದ ತಲೆ ಎತ್ತಲಿಲ್ಲ.